ಪೀಣ್ಯದಲ್ಲಿ ನೆನಪಿನ ಪಾಠ

ಮನಶ್ಶಾಸ್ತ್ರ ಓದಿದವಳನ್ನು ಕಾರ್ಖಾನೆಗೆ ಸೇರಿಸಿಕೊಂಡರೆ ಏನೇನು ಆಗಬಾರದೋ ಅದೆಲ್ಲ ಆಗುತ್ತಲೇ ಇರುತ್ತದೆ. ಪೀಣ್ಯದಲ್ಲಿ ತಗಡಿನ ಬಿಡಿಭಾಗ ಒತ್ತುವ ಕಾರ್ಖಾನೆಯೊಂದರಲ್ಲಿ ನಾನು ಕೆಲಸಗಾರರಿಗೆ ತರಬೇತಿ ಕೊಡುತ್ತೇನೆ. ಇಲ್ಲಿ ನಗು ಬರುವಂಥದ್ದು ನಡೆದಾಗಲೆಲ್ಲ ಯಾರದೋ ಅನ್ನಕ್ಕೆ ಕಲ್ಲು ಬೀಳುತ್ತದೆ. ಈ ಸಲ ಬಾಗಲಕೋಟೆ ಕಡೆಯ ಪ್ರೆಸ್ ಆಪರೇಟರನ ಸರದಿ. ಗುತ್ತಿಗೆ ಕೆಲಸ. ಅದನ್ನೇ ನಂಬಿಕೊಂಡು ಚಿಕ್ಕಬಾಣಾವರದಲ್ಲಿ ರೂಮು ಹಿಡಿದು, ಹೆಂಡತಿ ಮಗಳನ್ನು ಆಗಷ್ಟೇ ಕರೆಸಿಕೊಂಡಿದ್ದ.

ಪಾಠ

"ಊರಿನ ದಾರಿ ನೆನಪಿರೋದು ಬೇರೆ, ಕೈಯಲ್ಲಿರೋ ಕೆಲಸ ಮುಗಿಯೋ ತನಕ ಬೇಕಾದ್ದನ್ನ ಹಿಡಿದಿಡೋ ನೆನಪು ಬೇರೆ," ಎಂದು ಶುರುಮಾಡಿದೆ. "ಈ ಕೆಲಸದ ನೆನಪು ಒಂದು ಪುಟ್ಟ ಮೇಜು. ನಾಲ್ಕೈದು ಸಾಮಾನು ಹಿಡಿಸಿದ್ರೆ ಹೆಚ್ಚು. ಮನಸ್ಸಲ್ಲೇ ಹೇಳ್ಕೊಳ್ತಾ ಇದ್ರೆ ಉಳಿಯುತ್ತೆ. ಮಧ್ಯೆ ಯಾರಾದ್ರೂ ಬಂದು ಮಾತಾಡಿಸಿದ್ರೆ..."

ಬಾಗಿಲು ತಳ್ಳಿಕೊಂಡು ಮ್ಯಾನೇಜರ್ ಬಂದರು. "ಕಂಟಿನ್ಯೂ ಮಾಡಿ ಮೇಡಂ, ನಾನು ಡಿಸ್ಟರ್ಬ್ ಮಾಡಲ್ಲ," ಎಂದವರು ಕುಡಿಯುವ ನೀರು, ಯೂನಿಫಾರಂ, ಕ್ಯಾಂಟೀನಿನ ಚಟ್ನಿ ಎಲ್ಲವನ್ನೂ ವಿಚಾರಿಸಿಕೊಂಡು ಹೋದರು. ಎಲ್ಲಿ ನಿಲ್ಲಿಸಿದ್ದೆ ಎನ್ನುವುದು ನನಗೇ ಮರೆತಿತ್ತು. ನಾಚಿಕೆ ಬಿಟ್ಟು ಕೇಳಿದೆ.

ಆ ಆಪರೇಟರ್ ಎದ್ದು ನಿಂತ. "ಯಾರರ ಬಂದು ಮಾತಾಡಿಸಿದ್ರ ಅಂದ್ರಿ ಮೇಡಂರೀ. ಅಷ್ಟ್ರಾಗ ಸಾಹೇಬ್ರು ಬಂದು ತೋರಿಸಿಕೊಟ್ರು."

ಮೈಕು

ತಗಡು ಒತ್ತುವ ಪ್ರೆಸ್ ಯಂತ್ರಕ್ಕೆ ಅಚ್ಚು ಕೂರಿಸುವವನು ಯಾವ ಬೋಲ್ಟ್ ಬಿಗಿಯಾಯಿತು, ಯಾವುದು ಬಾಕಿ ಎಂಬುದನ್ನು ತಲೆಯಲ್ಲೇ ಇಟ್ಟುಕೊಂಡಿರುತ್ತಾನೆ. ಎರಡೂ ಕೈಗೆ ಗ್ರೀಸು, ಬರೆದಿಡುವ ಮಾತೇ ಇಲ್ಲ. ಆ ಹೊತ್ತಿನಲ್ಲಿ ಅವನನ್ನು ಯಾರೂ ಮಾತಾಡಿಸಬಾರದು ಎಂದು ಮ್ಯಾನೇಜರಿಗೆ ಹೇಳಿದೆ. ಅವರಿಗೆ ಬಹಳ ಹಿಡಿಸಿತು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಮುಂದಿನ ವಾರ ಪ್ರೆಸ್ಸುಗಳ ನೆತ್ತಿಯ ಮೇಲೆ ಒಂದು ಮೈಕು ಬಂತು. ಮೊದಲು ಟಿಂಗ್ ಟಾಂಗ್ ಗಂಟೆ. ಆಮೇಲೆ ಮ್ಯಾನೇಜರ್ ಅವರದೇ ಕಂಠ: "ಆತ್ಮೀಯ ಕಾರ್ಮಿಕ ಬಂಧುಗಳೇ, ಅಚ್ಚು ಕೂರಿಸುತ್ತಿರುವವರನ್ನು ಯಾರೂ ಮಾತನಾಡಿಸಕೂಡದು." ಅದೇ ಹಿಂದಿಯಲ್ಲಿ, ಅದೇ ಇಂಗ್ಲಿಷಿನಲ್ಲಿ. ಉಸಿರು ಬಿಡುವಷ್ಟರಲ್ಲಿ ಮತ್ತೆ ಟಿಂಗ್ ಟಾಂಗ್.

ಆಪರೇಟರ್ ನನ್ನನ್ನು ಹುಡುಕಿಕೊಂಡು ಬಂದ. "ಸುಮ್ಮನಿರ್ರಿ ಅಂತ ಒದರಾಕ ಹತ್ತಿದ ಮ್ಯಾಲ ನಮಗ ಲೆಕ್ಕನ ತಪ್ಪಾಕತ್ತೈತ್ರಿ ಮೇಡಂರೀ. ಏನರ ಹೆಚ್ಚುಕಮ್ಮಿ ಆದ್ರ ನನ್ನ ಕೆಲಸಾನ ಹೋಗ್ತೈತ್ರಿ."

ಓಡಿಹೋಗಿ ಮ್ಯಾನೇಜರಿಗೆ ತಿಳಿಸಿದೆ. ಮೈಕಿನಿಂದ ಉಪಯೋಗ ಆಗುತ್ತಿಲ್ಲ ಸಾರ್, ಎಂದೆ. ಅವರು ಗಂಭೀರವಾಗಿ ಕೇಳಿಸಿಕೊಂಡು ಇನ್ನೊಂದು ಮೈಕು ಹಾಕಿಸಿದರು.

ವಿಚಾರಣೆ

ಆಗಬಾರದ್ದು ಆಯಿತು. ಆ ಆಪರೇಟರ್ ಅಚ್ಚು ಕೂರಿಸುತ್ತಿದ್ದಾಗ ಎರಡೂ ಮೈಕು ಒಟ್ಟಿಗೆ ಅರಚಿದವು, ಒಂದು ಬೋಲ್ಟ್ ಸಡಿಲ ಉಳಿಯಿತು, ಪ್ರೆಸ್ ಒತ್ತಿದಾಗ ಅಚ್ಚು ಸೀಳಿಹೋಯಿತು. ಯಾರ ಕೈಗೂ ಪೆಟ್ಟಾಗಲಿಲ್ಲ, ಪುಣ್ಯ. ಆದರೆ ಆಪರೇಟರಿಗೆ ನೆನಪಿನ ಶಕ್ತಿ ಕಡಿಮೆ ಎಂದು ದೂರು ಕೊಟ್ಟವರು ಮ್ಯಾನೇಜರ್. ವಿಚಾರಣೆ ಮಾಡುವವರೂ ಅವರೇ. ಉತ್ತರ ಒಪ್ಪಿಗೆಯಾಗದಿದ್ದರೆ ಅಂದೇ ಗೇಟಿನಾಚೆ. ತಜ್ಞೆ ಎಂದು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಆ ಬೋಲ್ಟ್ ಯಾಕೆ ಬಿಗಿ ಮಾಡ್ಲಿಲ್ಲ?"

"ಮಾಡಾಕತ್ತಿದ್ನಿರೀ ಸಾಹೇಬ್ರ. ಮೈಕ್ ಒದರಿತು, ಯಾವುದು ಆಗೇತಿ ಯಾವುದು ಇಲ್ಲ ಅನ್ನೂದು ತಪ್ಪಿತ್ರೀ."

ಮ್ಯಾನೇಜರ್ ಅವರ ಫೋನು ಹೊಡೆದುಕೊಂಡಿತು. ಯಾವುದೋ ಲೋಡು ತಲುಪಿಲ್ಲವಂತೆ. ಬೈದು ಮುಗಿಸಿ ಇತ್ತ ತಿರುಗಿದರು. "ಹಾಂ, ಎಲ್ಲಿದ್ವಿ? ಆ ಬೋಲ್ಟ್ ಯಾಕೆ ಬಿಗಿ ಮಾಡ್ಲಿಲ್ಲ?"

ಅವನು ಪಾಪ, ಮತ್ತೆ ಅದನ್ನೇ ಹೇಳಿದ. ಇನ್ನೊಂದು ಫೋನು ಬಂತು. ಮನೆಗೆ ನೀರಿನ ಟ್ಯಾಂಕರ್ ಬಂದಿಲ್ಲವಂತೆ. ಅದಕ್ಕೂ ಒಂದಷ್ಟು ಬೈದು, ಫೋನು ಕೆಳಗಿಟ್ಟು ಹುಬ್ಬು ಗಂಟಿಕ್ಕಿದರು. "ಹಾಂ. ಆ ಬೋಲ್ಟ್ ಯಾಕೆ ಬಿಗಿ ಮಾಡ್ಲಿಲ್ಲ?"

ಆಪರೇಟರ್ ನನ್ನ ಮುಖ ನೋಡಿದ. "ಸಾರ್, ಅದನ್ನ ಆಗಲೇ..." ಎಂದು ನಾನು ಬಾಯಿ ತೆರೆದರೆ, ಅಡ್ಡ ಬಾಯಿ ಹಾಕಬೇಡಿ ಎಂದು ಕೈ ತೋರಿಸಿದರು. ಅವನು ಸಣ್ಣ ದನಿಯಲ್ಲಿ ಅದೇ ಮಾತನ್ನು ಮತ್ತೆ ಹೇಳಿದ.

ಮ್ಯಾನೇಜರ್ ನಿಟ್ಟುಸಿರು ಬಿಟ್ಟು ನನ್ನತ್ತ ಬಾಗಿದರು.

"ನೋಡಿದ್ರಾ ಮೇಡಂ? ಎಷ್ಟು ಪ್ರಶ್ನೆ ಕೇಳಿದ್ರೂ ಒಂದೇ ಉತ್ತರ ಹೇಳ್ತಾನೆ. ಇಂಥ ತಲೆ ಇರೋನನ್ನ ಕೆಲಸದಲ್ಲಿ ಹೇಗೆ ಇಟ್ಕೊಳ್ಳೋದು?"