ನಿಂಗೇನನ್ಸುತ್ತೆ ಎನ್ನುವ ಮಾವ

ನಮ್ಮ ಸೋದರಮಾವ ನಂಜನಗೂಡಿನಲ್ಲಿ ಹೆಸರು ಮಾಡಿದ ಪಶುವೈದ್ಯರು. ದನಗಳ ಮಾತು ಅವರಿಗೆ ಅರ್ಥವಾಗುತ್ತದೆ ಎಂದು ಜನ ಹೇಳುತ್ತಾರೆ. ಇರಬಹುದು. ಮನುಷ್ಯರ ಮಾತು ಅರ್ಥವಾಗುತ್ತದೆಯೇ ಎಂಬುದೇ ನನ್ನ ಅನುಮಾನ! ಯಾಕೆಂದರೆ ಏನು ಕೇಳಿದರೂ ಅವರದು ಒಂದೇ ಮಾತು: "ನಿಂಗೇನನ್ಸುತ್ತೆ?"

ಸಾರಿಗೆ ಉಪ್ಪು ಸಾಕೇ ಎಂದು ಅತ್ತೆ ಕೇಳಿದರೂ ಇದೇ. ಮದುವೆಯಾದ ಹೊಸದರಲ್ಲಿ ಅತ್ತೆ ಇದನ್ನು ಗೌರವ ಎಂದುಕೊಂಡಿದ್ದರಂತೆ. ಈಗ ಕೇಳುವುದನ್ನೇ ಬಿಟ್ಟಿದ್ದಾರೆ. ಸಾರು ಹೇಗಿದ್ದರೂ ಮಾವ ಉಣ್ಣಬೇಕು.

ನಾನೂ ಪಶುವೈದ್ಯೆಯಾಗಿ ತಿ. ನರಸೀಪುರದಲ್ಲಿ ಕೆಲಸಕ್ಕೆ ಸೇರುವ ಹೊತ್ತಿಗೆ ಮಾವ ನಿವೃತ್ತರಾಗಿದ್ದರು. ಕಲಿಸಿಕೊಡಲು ಮಾವ ಇದ್ದಾರೆ, ನಿನಗೇನು ಭಯ ಎಂದು ಅಮ್ಮ ಕಳಿಸಿಕೊಟ್ಟಳು. ಭಯ ಶುರುವಾದದ್ದೇ ಅಲ್ಲಿಂದ. ಹಸು ಮೇವು ಬಿಟ್ಟಿದೆ ಎಂದು ಫೋನ್ ಮಾಡಿದರೆ, ನಿಂಗೇನನ್ಸುತ್ತೆ? ಅನ್ನಿಸಿದ್ದರೆ ಫೋನ್ ಯಾಕೆ ಮಾಡುತ್ತಿದ್ದೆ? ಹಗ್ಗ ಹಿಡಿದು ನಿಂತ ರೈತನ ಮುಂದೆ ಬೆವರುತ್ತಾ ತೋಚಿದ್ದನ್ನು ಹೇಳುತ್ತಿದ್ದೆ. ಆ ಕಡೆಯಿಂದ "ಹೂಂ" ಎಂದಷ್ಟೇ ಸದ್ದು. ಹೂಂ ಎಂದರೆ ಸರಿಯೋ, ಹಸು ಹೋಯಿತು ಎಂದೋ?

ಒಂದು ಭಾನುವಾರ ಸುತ್ತೂರಿನ ಹತ್ತಿರದ ಮನೆಯೊಂದಕ್ಕೆ ಕರೆದುಕೊಂಡು ಹೋದರು. ಅಲ್ಲೊಂದು ಕುಂಟುವ ಮೇಕೆ. ಮೊದಲು ನೋಡು, ಆಮೇಲೆ ಮುಟ್ಟು ಎಂದು ನನ್ನನ್ನು ಜಗಲಿಯ ಮೇಲೆ ಕೂರಿಸಿ ತಾವೂ ಕೂತರು. ನಾವು ಮೇಕೆಯನ್ನು ನೋಡಿದೆವು. ಮೇಕೆ ನಮ್ಮನ್ನು ನೋಡಿತು. ಕೊನೆಗೆ ಆ ಮನೆಯ ಅಜ್ಜಿ ತಡೆಯಲಾರದೆ, "ಔಸ್ದಿ ಕೊಡಕ್ ಬಂದ್ರಾ ಸಾ, ಯಾಪಾರಕ್ ಬಂದ್ರಾ?" ಎಂದು ಕೇಳಿಯೇಬಿಟ್ಟಳು.

ಅವರಿಂದ ಪಾಠ ಹೇಳಿಸಿಕೊಳ್ಳುವ ಉಪಾಯ ಹೊಳೆದದ್ದು ತೀರಾ ತಡವಾಗಿ. ಪ್ರಶ್ನೆ ಕೇಳಬಾರದು, ಧೈರ್ಯವಾಗಿ ತಪ್ಪು ಹೇಳಬೇಕು! ಕೆಚ್ಚಲು ಬಾವು ಬಂದ ಹಸುವಿನ ಹಾಲು ಕರೆಯಲೇಬೇಡಿ ಎಂದು ಹೇಳಿಬಂದೆ ಎಂದರೆ ಸಾಕು, ಮಾವ ತುತ್ತನ್ನು ತಟ್ಟೆಗೇ ಬಿಟ್ಟು, ಕೈ ಒಣಗುವವರೆಗೂ ವಿವರಿಸುತ್ತಿದ್ದರು. ಅತ್ತೆಗೆ ಗುಟ್ಟು ಗೊತ್ತಾಗಿ, ಅವರ ಊಟ ಮುಗಿಯುವ ತನಕ ಬಾಯಿ ಬಿಡಬೇಡ ಎಂದು ನನಗೆ ಕಟ್ಟಪ್ಪಣೆ ಮಾಡಿದರು.

ಆ ಉಪಾಯ ಮೂಗೂರಿನಲ್ಲಿ ಕೈಕೊಟ್ಟಿತು. ಬೆಳಗಿನಿಂದ ಕರು ಹಾಕಲಾರದೆ ಒಂದು ಹಸು ನರಳುತ್ತಿತ್ತು. ಕೈ ಹಾಕಿ ನೋಡಿದರೆ ಕರುವಿನ ಮುಂಗಾಲು ಸಿಗುತ್ತದೆ, ತಲೆ ಹಿಂದಕ್ಕೆ ಹೊರಳಿಕೊಂಡಿದೆ. ಎಳೆದರೂ ಬಾರದು.

"ಅಸ ಉಳೀತದಾ ಮೇಡಮ್ಮೋರೆ?" ಎಂದಳು ಮನೆಯೊಡತಿ. ಮಾವನಿಗೆ ಫೋನ್ ಮಾಡಿ ನನ್ನ ಕಿವಿಗೆ ಹಿಡಿಯಿರಿ ಎಂದೆ. ತಪ್ಪು ಹೇಳುವಷ್ಟೂ ಧೈರ್ಯ ಉಳಿದಿರಲಿಲ್ಲ.

"ಮಾವ, ಕರು ತಲೆ ತಿರುಗಿಕೊಂಡಿದೆ. ನಂಗೆ ಭಯ ಆಗ್ತಿದೆ."

"ಜೀವ ಇದ್ಯಾ?"

"ಕಾಲು ಹಿಂಡಿದ್ರೆ ಎಳ್ಕೊಳ್ತು."

"ಹಾಗಾದ್ರೆ ಎಳೀಬೇಡ ಮಗಾ. ಹಸು ತಿಣುಕೋದು ನಿಲ್ಲಿಸಿದಾಗ ಕರೂನ ಒಳಕ್ಕೆ ತಳ್ಳು, ಜಾಗ ಆಗುತ್ತೆ. ಆಮೇಲೆ ಮೂತಿ ಹುಡುಕು. ನಾನು ಇಲ್ಲೇ ಇರ್ತೀನಿ."

ತಳ್ಳಿದೆ. ಹಸು ತಿಣುಕಿದಾಗಲೆಲ್ಲ ನನ್ನ ತೋಳು ಗಾಣಕ್ಕೆ ಸಿಕ್ಕಂತೆ ನುಲಿಯುತ್ತಿತ್ತು. ಕಡೆಗೆ ಒದ್ದೆ ಮೂತಿ ಅಂಗೈಗೆ ಸಿಕ್ಕಿತು. ಮೆಲ್ಲಗೆ ತಿರುಗಿಸಿದೆ. ಹೊರಬಂದ ಕರು ಸತ್ತಂತೆ ಬಿದ್ದಿತ್ತು. ಮೂಗು ಒರೆಸಿ, ಹುಲ್ಲಿನಿಂದ ಮೈ ತಿಕ್ಕಿದೆವು. ಸೀನಿತು.

ಫೋನಿನತ್ತ ವಾಲಿ, ಮಾವ, ಉಸಿರಾಡುತ್ತಿದೆ ಎಂದೆ. ಮಾತಾಡಿದ್ದು ಅತ್ತೆ. ಸೀನಿದ್ದು ಕೇಳಿಸುತ್ತಲೇ ಮಾವ ಫೋನನ್ನು ಅವರ ಕೈಗಿತ್ತು, ಮುಖ ತೊಳೆಯಲು ಹಿತ್ತಲಿಗೆ ಹೋದರಂತೆ.

ಸಂಜೆ ನಂಜನಗೂಡಿಗೆ ಹೋದೆ. ಬಲಗೈ ಊದಿಕೊಂಡು ಬೆರಳು ಮಡಚಲಾಗುತ್ತಿರಲಿಲ್ಲ. ಮಾವ ಹರಳೆಣ್ಣೆ ಬೆಚ್ಚಗೆ ಮಾಡಿ ತಂದು, ಪಕ್ಕದಲ್ಲಿ ಕೂತು ನೀವತೊಡಗಿದರು.

"ನನ್ನ ಮೊದಲನೇ ಕೇಸೂ ಇಂಥದ್ದೇ ಕಣಮ್ಮ, ಮುಡುಕುತೊರೆ ಹತ್ರ," ಎಂದರು. "ಹಸೂನೂ ಉಳೀಲಿಲ್ಲ, ಕರೂನೂ ಉಳೀಲಿಲ್ಲ. ಕೇಳೋಣ ಅಂದ್ರೆ ನಂಗೆ ಯಾರೂ ಇರ್ಲಿಲ್ಲ."

ನಾನು ಎಡಗೈಯನ್ನೂ ಅವರ ಮುಂದೆ ಚಾಚಿದೆ. ಅದಕ್ಕೇನೂ ಆಗಿರಲಿಲ್ಲ. ಮಾವ ಅದಕ್ಕೂ ಎಣ್ಣೆ ಹಚ್ಚಿದರು.