ಗಾಂಧಿಬಜಾರಿನಲ್ಲಿ ಪ್ರಥಮ ಭೇಟಿ

ನನ್ನ ಹೆಸರು ಮಲ್ಲಿಕಾರ್ಜುನಯ್ಯ. ಬಂದ ಕೂಡಲೇ ಹೆಸರು ಹೇಳಿಕೊಳ್ಳುವುದು ಮರ್ಯಾದಸ್ಥರ ಲಕ್ಷಣವಲ್ಲ ಎಂದು ನನಗೂ ಗೊತ್ತು. ಆದರೆ ಏನು ಮಾಡಲಿ, ನಾನಾಗಿ ಹೇಳಿಕೊಳ್ಳದಿದ್ದರೆ ಅದನ್ನು ಬೇರೆ ಯಾರೂ ಹೇಳುವುದಿಲ್ಲ. ಕಚೇರಿಯಲ್ಲಿ ನಾನು ‘ಟಪಾಲು ಸೆಕ್ಷನ್ನು’. ಚಾಮರಾಜಪೇಟೆಯ ನಮ್ಮ ಬೀದಿಯಲ್ಲಿ ‘ಮೂಲೆಮನೆಯವರು’. ಮನೆಯೊಳಗೆ ಕಾಲಿಟ್ಟರೆ ಬರೀ ‘ರೀ’. ನಾಮಕರಣದ ದಿನ ನಮ್ಮಪ್ಪ ಇಡೀ ಬೀದಿಗೆ ಊಟ ಹಾಕಿಸಿ ಇಟ್ಟ ಹೆಸರು ಹೀಗೆ ಉಪಯೋಗವಿಲ್ಲದೆ ಬಿದ್ದಿದೆ.

ಗಂಡನ ಹೆಸರು ಹೇಳದಿರುವುದು ನಮ್ಮ ಹೆಂಗಸರೆಲ್ಲರ ಪದ್ಧತಿಯೇ, ಒಪ್ಪಿದೆ. ಹೇಳಿದರೆ ಗಂಡನ ಆಯುಸ್ಸು ಕಡಿಮೆಯಾಗುತ್ತದಂತೆ. ಆದರೆ ನನ್ನ ಹೆಂಡತಿ ಮಹಾನಂದಳದು ಅದರಲ್ಲೂ ಉಗ್ರ ವ್ರತ. ಹೆಸರಿನ ನೆರಳು ಬಿದ್ದ ಮಾತೂ ಅವಳ ಬಾಯಲ್ಲಿ ಬರುವುದಿಲ್ಲ. ಮಲ್ಲಿಗೆ ಅವಳಿಗೆ ‘ಬಿಳೀ ಹೂವು’. ಅವಳ ಅಕ್ಕನ ಮನೆ ಮಲ್ಲೇಶ್ವರದಲ್ಲಿದೆ. ಬಸ್ಸು ಹತ್ತಿದರೆ ಕಂಡಕ್ಟರನಿಗೆ, “ಸಂಪಿಗೆ ರಸ್ತೆ ಇದೆಯಲ್ಲಪ್ಪ, ಅಲ್ಲಿಗೊಂದು ಟಿಕೀಟು” ಎನ್ನುತ್ತಾಳೆ. ಲಿಂಗಪೂಜೆಗೆ ಕೂತಾಗ ಸಾಕ್ಷಾತ್ ಶ್ರೀಶೈಲದ ದೇವರನ್ನೂ ‘ಆ ಬೆಟ್ಟದ ಸ್ವಾಮಿ’ ಎಂದೇ ಕರೆಯುತ್ತಾಳೆ. (ದೇವರು ಇದಕ್ಕೆ ಬೇಸರ ಮಾಡಿಕೊಂಡಂತಿಲ್ಲ. ಬೇಸರವೆಲ್ಲ ನನ್ನ ಪಾಲಿಗೆ ಬಂದಿದೆ.)

ಹಾಗಾಗಿ ನನಗೆ ಒಂದೇ ಒಂದು ಆಸೆ ಇತ್ತು. ನನ್ನ ಹೆಸರು ಒಮ್ಮೆ ನಾಟಕದ ಪೋಸ್ಟರಿನ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಬೇಕು. ಆ ಭಾಗ್ಯ ಕೈಗೆ ಬರುವ ಹಾಗೂ ಇತ್ತು. ನಮ್ಮ ಬೀದಿಯ ಹವ್ಯಾಸಿ ನಾಟಕ ಸಂಘದವರು ನನ್ನದೊಂದು ಸಾಮಾಜಿಕ ಹಾಸ್ಯ ನಾಟಕವನ್ನು ಆಡಲು ಒಪ್ಪಿದ್ದರು. ಸಂಘ ಎಂದರೆ ವೃಷಭೇಂದ್ರಪ್ಪ. ಚಿಕ್ಕಪೇಟೆಯಲ್ಲಿ ಜವಳಿ ಅಂಗಡಿ ಇಟ್ಟಿರುವ ಈ ಮಹಾಶಯನೇ ಕಾರ್ಯದರ್ಶಿ, ಇವನೇ ಖಜಾಂಚಿ, ಬಣ್ಣ ಬಳಿದುಕೊಂಡರೆ ಇವನೇ ನಾಯಕ. ದಂಡುಪ್ರದೇಶದ ಟಾಕೀಸಿನಲ್ಲಿ ಒಂದು ಇಂಗ್ಲಿಷ್ ಪ್ರಣಯದ ಚಿತ್ರ ನೋಡಿ ಬಂದಂದಿನಿಂದ ಅವನ ತಲೆ ನೆಟ್ಟಗಿರಲಿಲ್ಲ.

“ಸ್ವಾಮಿ, ಎಲ್ಲಾ ಚೆನ್ನಾಗಿದೆ. ಆದ್ರೆ ನಾಯಕ ನಾಯಕಿ ಮೊದಲನೇ ಸಲ ಭೇಟಿ ಆಗೋ ಸೀನು ಇದೆಯಲ್ಲ, ಅದು ಸಪ್ಪೆ. ಆ ಸೀನು ಹೆಂಗಿರಬೇಕು ಅಂದ್ರೆ, ಜನ ಮನೆಗೆ ಹೋಗಿ ಕೈಕಾಲು ತೊಳ್ಕೊಳ್ಳೋವಾಗ್ಲೂ ಅದನ್ನೇ ನೆನೆಸ್ಕೊಂಡು ನಗಬೇಕು” ಎಂದ.

ನಾನು ದೇವಸ್ಥಾನದಲ್ಲಿ ಭೇಟಿ ಮಾಡಿಸಿದೆ. “ಗಂಟೆ ಸದ್ದಿಗೆ ನನ್ನ ಮಾತು ಕೇಳ್ಸಲ್ಲ” ಎಂದ. ಬಾವಿಕಟ್ಟೆಯಲ್ಲಿ ಮಾಡಿಸಿದೆ. ಅಲ್ಲಿ ಬೇರೆ ತೊಡಕು. ನಾಯಕಿಯ ಪಾತ್ರ ನಮ್ಮ ಸಿದ್ದಬಸಪ್ಪನದು; ಅವನು ನೀರು ಸೇದಲು ಕೈ ಎತ್ತಿದರೆ ರವಿಕೆಯ ತೋಳು ಮೇಲೇರಿ ಗರಡಿಯಲ್ಲಿ ಬೆಳೆಸಿದ ರಟ್ಟೆ ಹೊರಗೆ ಬೀಳುತ್ತಿತ್ತು. ಕೊನೆಗೆ ವೃಷಭೇಂದ್ರಪ್ಪ, “ಈ ವಾರ ಆ ಸೀನು ಬರ್ಲಿಲ್ಲ ಅಂದ್ರೆ ಹಳೇ ಪೌರಾಣಿಕಾನೇ ಹಾಕ್ಬಿಡ್ತೀನಿ, ಬೇಜಾರು ಮಾಡ್ಕೋಬೇಡಿ” ಎಂದು ಅಂಗಡಿ ಕಡೆ ನಡೆದ. ಪೋಸ್ಟರಿನ ಮೇಲಿನ ನನ್ನ ಹೆಸರು ಅವನ ಬೆನ್ನ ಹಿಂದೆಯೇ ಹೊರಟುಹೋಗುವ ಹಾಗೆ ಕಂಡಿತು.

ಮನೆಗೆ ಬಂದು ಮಹಾನಂದಳೆದುರು ಗೋಳು ತೋಡಿಕೊಂಡೆ. ಅವಳು ಹುರುಳಿಕಾಯಿ ಸೋಸುತ್ತಿದ್ದಳು.

“ನಮ್ಮದನ್ನೇ ಬರೀರಿ. ನೀವು ನನ್ನ ನೋಡೋಕೆ ಬಂದಿದ್ದು” ಎಂದಳು.

“ಅದೂ ಒಂದು ಭೇಟಿಯೇ? ನಾನು ಉಪ್ಪಿಟ್ಟಿನ ತಟ್ಟೆ ನೋಡ್ತಾ ಕೂತಿದ್ದೆ. ನೀನು ಜಮಖಾನ ನೋಡ್ತಾ ನಿಂತಿದ್ದೆ. ಮಾತಾಡಿದ್ದೆಲ್ಲಾ ನಮ್ಮ ಸೋದರಮಾವ.”

“ನಾನು ಜಮಖಾನ ನೋಡ್ಲಿಲ್ಲ. ನಿಮ್ಮ ಕಾಲುಚೀಲದ ತೂತು ನೋಡ್ತಿದ್ದೆ. ಹೆಬ್ಬೆರಳು ಹೊರಗೆ ಬಂದಿತ್ತು. ಪಾಪ ಈ ಮನುಷ್ಯನಿಗೆ ಹೊಲಿದು ಕೊಡೋರು ಯಾರೂ ಇಲ್ಲ ಅಂತ ಅನ್ನಿಸ್ತು. ಅದಕ್ಕೇ ಒಪ್ಕೊಂಡೆ.”

“ಹೆಬ್ಬೆರಳು ಇಟ್ಕೊಂಡು ಪ್ರಣಯ ಬರೆಯೋಕಾಗತ್ತಾ? ನೆನಪಲ್ಲಿ ಉಳಿಯೋ ಅಂಥದ್ದು ಏನೂ ಇಲ್ಲ ಬಿಡು ಅದರಲ್ಲಿ” ಎಂದೆ.

ಅವಳು ಹುರುಳಿಕಾಯಿ ಮುರಿಯುವ ಸದ್ದು ಸ್ವಲ್ಪ ಜೋರಾಯಿತು. ಆ ಸದ್ದನ್ನು ನಾನು ಅಲ್ಲೇ ಗಮನಿಸಬೇಕಾಗಿತ್ತು. ಆದರೆ ಅದೇ ಗಳಿಗೆಯಲ್ಲಿ ನನ್ನ ಮಸ್ತಕದಲ್ಲಿ ಒಂದು ದಿವ್ಯ ಕಲ್ಪನೆ ಉದಯಿಸಿಬಿಟ್ಟಿತ್ತು.

ಕಲ್ಪನೆ ಇದು. ನಾಯಕಿ ಮಾರುಕಟ್ಟೆಯಲ್ಲಿ ಚೀಲ ಹಿಡಿದು ಬರುತ್ತಾಳೆ. ನಾಯಕ ಎದುರಿನಿಂದ ಬಂದು ಡಿಕ್ಕಿ ಹೊಡೆಯುತ್ತಾನೆ. ನಿಂಬೆಹಣ್ಣುಗಳು ಉರುಳುತ್ತವೆ. ಇಬ್ಬರೂ ಬಗ್ಗುತ್ತಾರೆ, ಕಣ್ಣು ಕಣ್ಣು ಕೂಡುತ್ತದೆ. ಆಮೇಲೆ ಅವರು ಏನು ಮಾತಾಡುತ್ತಾರೆ ಎಂಬುದು ಮಾತ್ರ ಹೊಳೆಯಲಿಲ್ಲ. ಮಾಡಿ ನೋಡಿದರೆ ತಾನಾಗಿ ಗೊತ್ತಾಗುತ್ತದೆ. ಚಾಮರಾಜಪೇಟೆಯಲ್ಲಾದರೆ ಪರಿಚಯದವರ ಕಾಟ. ಬಸವನಗುಡಿಯ ಗಾಂಧಿಬಜಾರಿನಲ್ಲಿ ನಮ್ಮನ್ನು ಕೇಳುವವರಿಲ್ಲ.

“ನಾನು ನಿಮ್ಮ ಹೆಂಡತಿ ಅಲ್ಲ ಅಂತ ನಟಿಸ್ಬೇಕಾ?” ಎಂದು ಮಹಾನಂದ ಕೇಳಿದಳು.

“ಪೂರ್ತಿ ಅಪರಿಚಿತಳು. ಏನೇ ಆಗ್ಲಿ, ಯಾರೇ ಬರ್ಲಿ, ನನ್ನ ಗುರುತಿದೆ ಅಂತ ತೋರಿಸ್ಕೋಬಾರದು. ಮಾತು ಕೊಡು.”

“ಏನೇ ಆದ್ರೂ?”

“ಏನೇ ಆದ್ರೂ.”

“ಆಯ್ತು” ಎಂದು ಅವಳು ಸೆರಗು ಕೊಡವಿ ಎದ್ದಳು. ಇಷ್ಟು ಬೇಗ ಅವಳು ಯಾವುದಕ್ಕೂ ಒಪ್ಪಿದವಳಲ್ಲ. ಅದೂ ನನಗೆ ಅನುಮಾನ ತರಲಿಲ್ಲ.

ಸಂಜೆ ಗಾಂಧಿಬಜಾರು ತುಂಬಿತ್ತು. ಹೂವು ಮಾರುವ ಲಕ್ಕಮ್ಮನ ಬುಟ್ಟಿಯ ಹತ್ತಿರ ಡಿಕ್ಕಿ ಎಂದು ಗೊತ್ತುಮಾಡಿದ್ದೆವು. ನಾನು ಶಲ್ಯ ಸರಿಮಾಡಿಕೊಂಡು, ಆಕಾಶದ ಕಡೆ ನೋಡುತ್ತಾ, ಪ್ರೇಮಿಯ ನಡಿಗೆಯಲ್ಲಿ ಸಾಗಿ ಬಂದು ಡಿಕ್ಕಿ ಹೊಡೆದೆ. ಸ್ವಲ್ಪ ಜೋರಾಗಿಯೇ ಹೊಡೆದೆ ಎಂದು ಕಾಣುತ್ತದೆ. ನಿಂಬೆಹಣ್ಣಿನ ಜೊತೆಗೆ ಬದನೆಕಾಯಿ, ಕೊತ್ತಂಬರಿ ಕಟ್ಟು, ನನ್ನ ಕನ್ನಡಕ, ಒಂದು ಕಾಲಿನ ಬೂಟು ಎಲ್ಲವೂ ಉರುಳಿದವು. ನಾನು ಬಗ್ಗಿ, ಕೈಗೆ ಸಿಕ್ಕ ಬದನೆಕಾಯಿಯನ್ನು ಅವಳ ಮುಂದೆ ಹಿಡಿದು, ಕಂಠವನ್ನು ಮೃದು ಮಾಡಿಕೊಂಡು, “ಸುಂದರಿ, ಈ ಫಲವನ್ನು ಸ್ವೀಕರಿಸು” ಎಂದೆ.

ಹಿಂದಿನಿಂದ ಯಾರೋ ನನ್ನ ಕತ್ತುಪಟ್ಟಿ ಹಿಡಿದು ಎತ್ತಿದರು.

ಕನ್ನಡಕ ಸಿಕ್ಕಿ ನೋಡುವಷ್ಟರಲ್ಲಿ ಸುತ್ತ ಜನ ಸೇರಿದ್ದರು. ಹಿಡಿದವನು ತೆಂಗಿನಕಾಯಿ ಅಂಗಡಿಯ ಮರಿಯಣ್ಣ, ಕೈ ಅವನ ಕಾಯಿಗಿಂತ ಗಟ್ಟಿ. “ನೋಡೋಕೆ ಮರ್ಯಾದಸ್ಥನ ಹಂಗಿದೀಯ, ವಿಭೂತಿ ಬೇರೆ ಇಟ್ಕೊಂಡಿದೀಯ, ದಾರೀಲಿ ಹೋಗೋ ಹೆಣ್ಣುಮಕ್ಕಳ ಮೈಮೇಲೆ ಬೀಳ್ತೀಯಾ?” ಎಂದು ಕೇಳಿದ. ಆಮೇಲೆ ಮಹಾನಂದಳ ಕಡೆ ತಿರುಗಿ, “ಅಮ್ಮಾ, ಈ ಯಪ್ಪ ನಿಮಗೆ ಗೊತ್ತಾ?” ಎಂದ.

ಮಹಾನಂದ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಕಾಲಿನ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು ನೋಡಿದಳು. “ನೆನಪಲ್ಲಿ ಉಳಿಯೋ ಅಂಥ ಮುಖ ಅಲ್ಲ” ಎಂದಳು.

ನಾಟಕ ಹಾಳಾದರೂ ಚಿಂತೆಯಿಲ್ಲ, ಹಲ್ಲು ಉಳಿಯಲಿ ಎಂದು, “ಅಯ್ಯಾ, ಅವಳು ನನ್ನ ಹೆಂಡತಿ ಕಣಯ್ಯಾ” ಎಂದು ಬಾಯಿಬಿಟ್ಟೆ. ಇದರಿಂದ ಜನ ಇನ್ನಷ್ಟು ರೇಗಿದರು. ಮರಿಯಣ್ಣ ತೋಳು ಮಡಿಸತೊಡಗಿದ. ಅಷ್ಟರಲ್ಲಿ ಹೂವು ಕೊಳ್ಳುತ್ತಿದ್ದ ಒಬ್ಬ ಮುತ್ತೈದೆ ಅಜ್ಜಿ ಗುಂಪನ್ನು ಸರಿಸಿ ಮುಂದೆ ಬಂದರು. ಹೆಸರು ಬಸವಮ್ಮ ಅಂತೆ, ಆ ಬೀದಿಗೆಲ್ಲ ಅವರ ಮಾತು ಹೈಕೋರ್ಟಿನ ತೀರ್ಪು.

“ಹೊಡಿಬೇಡಿ, ತಡೀರಿ. ಇದಕ್ಕೆ ಪರೀಕ್ಷೆ ಇದೆ. ನಿನ್ನ ಹೆಸರೇನಪ್ಪ?” ಎಂದು ನನ್ನನ್ನು ಕೇಳಿದರು.

“ಮಲ್ಲಿಕಾರ್ಜುನಯ್ಯ.”

“ಈಗ ಆ ಹೆಣ್ಣುಮಗಳು ಈ ಹೆಸರು ಹೇಳ್ಲಿ. ಕಟ್ಕೊಂಡ ಹೆಂಡ್ತಿ ಆದ್ರೆ ಪ್ರಾಣ ಹೋದ್ರೂ ಅವಳ ಬಾಯಲ್ಲಿ ಬರಲ್ಲ. ಬಂತು ಅಂದ್ರೆ ಇವನು ಗಂಡ ಅಲ್ಲ.”

ಜನ ತಲೆದೂಗಿದರು. ನನಗಂತೂ ಅಜ್ಜಿಯ ಕಾಲಿಗೆ ಬೀಳೋಣವೆನ್ನಿಸಿತು. ಗೆದ್ದ ಉತ್ಸಾಹದಲ್ಲಿ ನಾನೇ ಸಾಕ್ಷ್ಯ ಪೂರೈಸತೊಡಗಿದೆ. “ಹೇಳೋದಿಲ್ಲ ಅಜ್ಜಿ. ಮದುವೆ ಆದಾಗಿಂದ ಒಂದು ಸಲ ಹೇಳಿದವಳಲ್ಲ. ಮಲ್ಲಿಗೆ ಅಂತಾನೂ ಅನ್ನಲ್ಲ, ಬಿಳೀ ಹೂವು ಅಂತಾಳೆ. ಬೇಕಾದ್ರೆ ಕೇಳಿ ನೋಡಿ” ಎಂದು ಮೀಸೆಯ ಮೇಲೆ ಕೈಯಾಡಿಸಿದೆ.

“ಹೇಳಮ್ಮಾ, ಈ ಮನುಷ್ಯನ ಹೆಸರೇನಂತೆ?” ಎಂದರು ಅಜ್ಜಿ.

ಮಹಾನಂದ ಸೆರಗಿನ ಚುಂಗನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. ಆಮೇಲೆ ನನ್ನ ಕಣ್ಣನ್ನೇ ನೋಡುತ್ತಾ, ಒಂದಕ್ಷರವನ್ನೂ ನುಂಗದೆ, ಸ್ಪಷ್ಟವಾಗಿ, “ಮಲ್ಲಿಕಾರ್ಜುನಯ್ಯ ಅಂತ ಅಲ್ವಾ ಅಜ್ಜಿ ಅವರು ಹೇಳಿದ್ದು?” ಎಂದಳು. ಅಷ್ಟಕ್ಕೇ ಬಿಡದೆ ಹೂವಿನ ಬುಟ್ಟಿಯ ಕಡೆ ತಿರುಗಿ, “ಲಕ್ಕಮ್ಮ, ಒಂದು ಮೊಳ ಮಲ್ಲಿಗೆ ಕೊಡಮ್ಮ” ಎಂದಳು.

ತೀರ್ಪು ಹೊರಬಿತ್ತು. ಜನ ಏನೇನು ಬೈದರೋ, ಮರಿಯಣ್ಣ ಎಲ್ಲೆಲ್ಲಿ ಗುದ್ದಿದನೋ, ನನಗೆ ಸರಿಯಾಗಿ ನೆನಪಿಲ್ಲ. ಸುಳ್ಳು ಹೇಳುವುದಿಲ್ಲ, ನಾನು ಆ ಗಳಿಗೆಯಲ್ಲಿ ಸಂತೋಷದಿಂದ ಮೈಮರೆತಿದ್ದೆ. ನನ್ನ ಹೆಸರು ಇಷ್ಟು ಚೆನ್ನಾಗಿದೆಯೆಂದು ನನಗೆ ಗೊತ್ತಿರಲಿಲ್ಲ. ಅವಳ ಬಾಯಲ್ಲಿ ಅದು ಹೊಸದಾಗಿ ಹುಟ್ಟಿಬಂದ ಹಾಗಿತ್ತು. ಈ ಹೆಂಗಸು ಯಾರು, ಇಷ್ಟು ದಿನ ಎಲ್ಲಿದ್ದಳು, ಇವಳನ್ನು ಇನ್ನೊಮ್ಮೆ ಮಾತಾಡಿಸುವುದು ಹೇಗೆ ಎಂದು ಯೋಚಿಸುತ್ತಾ ನಾನು ಬದನೆಕಾಯಿ ಹಿಡಿದುಕೊಂಡು ನಿಂತಿದ್ದೆ.

ಪೇದೆ ಬಂದ. ಕಂಪ್ಲೇಂಟು ಕೊಡುತ್ತೀರಾ ಎಂದು ಮಹಾನಂದಳನ್ನು ಕೇಳಿದ. “ಬೇಡ, ಬಿಟ್ಬಿಡಿ. ಪಾಪ, ಮನೇಲಿ ಹೆಂಡ್ತಿ ಕಾಯ್ತಿರ್ತಾಳೆ” ಎಂದಳು ಆ ಕರುಣಾಮಯಿ. ಆದರೆ ಬಸವಮ್ಮನವರು ಸುಮ್ಮನೆ ಬಿಡಲು ಒಪ್ಪಲಿಲ್ಲ. ಅಕ್ಕ ಎಂದು ಕರೆದು ತಪ್ಪಾಯಿತು ಅನ್ನಬೇಕೆಂದರು. ಧರ್ಮಪತ್ನಿಯ ಮುಂದೆ ಕಿವಿ ಹಿಡಿದುಕೊಂಡು, “ತಪ್ಪಾಯ್ತು ಅಕ್ಕ” ಎಂದೆ. “ಹೋಗ್ಲಿ ಬಿಡಪ್ಪ, ಇನ್ಮೇಲೆ ನೋಡ್ಕೊಂಡು ನಡಿ” ಎಂದು ಅವಳು ಹರಸಿದಳು.

ಅಲ್ಲಿಗೂ ಮುಗಿಯಲಿಲ್ಲ. ಅವಳು ಮನೆ ಕಡೆ ಹೊರಟಳು. ನನ್ನ ಮನೆಯೂ ಅದೇ ಕಡೆ ಇರುವುದರಿಂದ ನಾನೂ ಹೊರಟೆ. “ಮತ್ತೆ ಹಿಂದೆ ಬಿದ್ದ ನೋಡ್ರೋ” ಎಂದು ಮರಿಯಣ್ಣ ಕೂಗಿದ. ವಿಧಿಯಿಲ್ಲದೆ ತಿರುಗಿ, ಹನುಮಂತನಗರದ ಗುಡ್ಡದವರೆಗೆ ನಡೆದು, ಅಲ್ಲಿಂದ ಸುತ್ತಿಕೊಂಡು ಮನೆ ಸೇರಿದೆ.

ಹೋಗಿ ನೋಡಿದರೆ ದೇವರ ಮುಂದೆ ತುಪ್ಪದ ದೀಪ ಉರಿಯುತ್ತಿತ್ತು. ಮಹಾನಂದ ಕಣ್ಣು ಮುಚ್ಚಿ ಕೈಮುಗಿದು ಕೂತಿದ್ದಳು. ಬಾಯಿ ಬೇಗ ಬೇಗ ಆಡುತ್ತಿತ್ತು.

“ಏನದು?” ಎಂದೆ.

“ಹೆಸರು ಹೇಳ್ಬಿಟ್ನಲ್ಲ, ನಿಮ್ಮ ಆಯುಸ್ಸಿಗೆ ಏನೂ ಆಗದೆ ಇರ್ಲಿ ಅಂತ ಬೆಟ್ಟದ ಸ್ವಾಮಿಗೆ ಹರಕೆ ಹೊತ್ತೆ” ಎಂದಳು. ನಮ್ಮ ಹೆಣ್ಣು ನೋಡುವ ಶಾಸ್ತ್ರದ ಬಗ್ಗೆ ನಾನು ಹಾಗೆ ಅನ್ನಬಾರದಿತ್ತು ಎಂದೆ. ಅವಳು ಕಣ್ಣೊರೆಸಿಕೊಂಡು, “ಮೊದಲು ಕಾಲುಚೀಲ ಬಿಚ್ಚಿಕೊಡಿ, ಮತ್ತೆ ತೂತಾಗಿದೆ. ಬಜಾರಲ್ಲಿ ನೋಡಿ ನಾಚಿಕೆ ಆಯ್ತು” ಎಂದಳು. “ಇನ್ನೊಂದೇ ಒಂದು ಸಲ ಹೆಸರು ಹೇಳು” ಎಂದು ಬೇಡಿಕೊಂಡೆ. “ಗಂಡನ ಹೆಸರು ಯಾರಾದ್ರೂ ಹೇಳ್ತಾರಾ?” ಎಂದು ಒಳಗೆ ಹೋದಳು.

ನಡೆದದ್ದನ್ನು ನಡೆದ ಹಾಗೆಯೇ ಬರೆದೆ. ನಾಯಕಿ ತುಂಬಿದ ಬಜಾರಿನಲ್ಲಿ ನಾಯಕನ ಹೆಸರು ಹೇಳುತ್ತಾಳೆ, ಅವನು ಬದನೆಕಾಯಿ ಹಿಡಿದು ಕಲ್ಲಾಗಿ ನಿಲ್ಲುತ್ತಾನೆ. ವೃಷಭೇಂದ್ರಪ್ಪ ಓದಿ, ಅಂಗಡಿಯ ಸೀರೆ ರಾಶಿಯ ಮೇಲೆ ಬಿದ್ದು ನಕ್ಕ. “ಇದು ಸ್ವಾಮಿ ಭೇಟಿ ಅಂದ್ರೆ. ಪೋಸ್ಟರ್ ಇವತ್ತೇ ಅಚ್ಚಿಗೆ ಕೊಡ್ತೀನಿ” ಎಂದ. ನಾನು ಸಂಕೋಚಪಟ್ಟು, ರಚನಕಾರನ ಹೆಸರನ್ನು ಪ್ರೆಸ್ಸಿನಲ್ಲಿರುವ ಅತಿ ದೊಡ್ಡ ಅಕ್ಷರದಲ್ಲಿ ಹಾಕಿಸಬೇಕೆಂದು ಕೇಳಿಕೊಂಡೆ. “ಧಾರಾಳವಾಗಿ” ಎಂದ.

ಪೋಸ್ಟರನ್ನು ಮೊದಲು ನೋಡಿದ್ದು ನಾನಲ್ಲ, ನಮ್ಮ ಸೂಪರಿಂಟೆಂಡೆಂಟರು. ಬೆಳಿಗ್ಗೆ ಕಚೇರಿಗೆ ಕಾಲಿಡುತ್ತಿದ್ದಂತೆ, “ಏನ್ರೀ ಟಪಾಲು ಸೆಕ್ಷನ್, ನಿಮ್ಮ ಬೀದಿ ನಾಟಕ ಬರೆದವರು ಯಾರ್ರೀ? ವಿಚಿತ್ರವಾಗಿದೆ ಹೆಸರು” ಎಂದರು. ಓಡಿಹೋಗಿ ಬಸ್ ಸ್ಟಾಪಿನ ಗೋಡೆ ನೋಡಿದೆ. ಕೆಂಪು ಶಾಯಿಯಲ್ಲಿ, ನಾನು ಕೇಳಿಕೊಂಡ ಗಾತ್ರದಲ್ಲೇ, ಎರಡು ಫರ್ಲಾಂಗು ದೂರಕ್ಕೆ ಕಾಣುವ ಹಾಗೆ ಅಚ್ಚಾಗಿತ್ತು:

ರಚನೆ: ‘ನಮ್ಮನೆಯವರು’

ಪ್ರೆಸ್ಸಿನ ಶೀನಣ್ಣನನ್ನು ಹಿಡಿದು ಕೇಳಿದೆ. “ಕೋಪ ಯಾಕೆ ಸ್ವಾಮಿ? ವೃಷಭೇಂದ್ರಪ್ಪನೋರು ‘ಮೂಲೆಮನೆಯವರು ಬರೆದಿದ್ದು, ಹೆಸರು ಅವರ ಮನೇಲೇ ಕೇಳ್ಕೊ’ ಅಂದ್ರು. ನೀವು ಕಚೇರಿಗೆ ಹೋಗಿದ್ರಿ. ನಾಟಕ ಬರೆದೋರ ಹೆಸರೇನಮ್ಮ ಅಂತ ಕೇಳ್ದೆ, ‘ನಮ್ಮನೆಯವರು’ ಅಂದ್ರು ನಿಮ್ಮ ಮನೆ ತಾಯಿ. ಅದೇನಾ ಅಚ್ಚು ಹಾಕ್ಬೇಕಾದ್ದು ಅಂತ ಎರಡು ಸಲ ಕೇಳ್ದೆ. ಎರಡು ಸಲಾನೂ ಅದನ್ನೇ ಹೇಳಿದ್ರು. ಬರೆಯೋರೆಲ್ಲ ಒಂದೊಂದು ಕಾವ್ಯನಾಮ ಇಟ್ಕೊಂಡಿರ್ತಾರಲ್ಲ, ಇದೂ ಹಂಗೇ ಅಂದ್ಕೊಂಡೆ. ಚೆನ್ನಾಗೇ ಇದೆ ಬಿಡಿ.”

ಕೆಂಡವಾಗಿ ಮನೆಗೆ ಬಂದೆ. “ಅಲ್ಲ ಕಣೇ, ಗಾಂಧಿಬಜಾರಿನಲ್ಲಿ ಅಷ್ಟು ಜನದ ಮುಂದೆ ಗಂಟೆ ಹೊಡೆದ ಹಾಗೆ ಹೇಳಿದೆಯಲ್ಲ, ಶೀನಣ್ಣ ಒಬ್ಬನ ಮುಂದೆ ಹೇಳೋಕೆ ನಿನಗೇನಾಗಿತ್ತು?” ಎಂದೆ.

ಮಹಾನಂದ ಹೊಲಿಯುತ್ತಿದ್ದ ಕಾಲುಚೀಲದಿಂದ ತಲೆಯೆತ್ತಿ, ಇಷ್ಟೂ ಗೊತ್ತಾಗುವುದಿಲ್ಲವೇ ಎಂಬಂತೆ ನನ್ನನ್ನು ನೋಡಿದಳು.

“ಅವತ್ತು ನೀವು ಯಾರೋ ಆಗಿದ್ರಿ. ಶೀನಣ್ಣ ಬಂದಾಗ ನಮ್ಮನೆಯವರಾಗಿದ್ರಿ” ಎಂದಳು.