ಬಾಲ ಎತ್ತಿದರೆ ಕೂಗುವ ಯಂತ್ರ

ಹಾಲಿನವನಿಗೆ ಎಚ್ಚರವಾಗಿರುವ ಶಕ್ತಿ ಇರಲಿಲ್ಲ. ಕೈಕಾಲು ಗಟ್ಟಿಯಾಗಿದ್ದವು, ಬುದ್ಧಿ ಬೇಕಾದಷ್ಟಿತ್ತು, ಚಟ ಯಾವುದೂ ಇರಲಿಲ್ಲ. ಆದರೆ ಬೆನ್ನಿಗೆ ಗೋಡೆಯೋ ಕಂಬವೋ ತಗುಲಿದರೆ ಸಾಕು, ಗೊರಕೆ. ಅವನ ಮದುವೆಯ ಅರ್ಧ ಫೋಟೊಗಳಲ್ಲಿ ಅವನ ಕಣ್ಣು ಮುಚ್ಚಿದೆ. ಉಳಿದರ್ಧದಲ್ಲಿ ಹೆಂಡತಿ ಅವನನ್ನು ಚಿವುಟುತ್ತಿದ್ದಾಳೆ.

ಹಿಂದಿನ ಸಲ ಹಸು ಈಯುವಾಗ ಅವನು ಅದರ ಪಕ್ಕದಲ್ಲೇ ಕಾವಲು ಕೂತಿದ್ದ. ಕಣ್ಣು ಬಿಡುವ ಹೊತ್ತಿಗೆ ಕರು ನೆಲಕ್ಕೆ ಬಿದ್ದಾಗಿತ್ತು. ಮೂಗಿನ ಮೇಲಿನ ಪೊರೆ ತೆಗೆಯುವವರಿಲ್ಲದೆ ಉಸಿರುಕಟ್ಟಿ ಸತ್ತಿತ್ತು.

ಹಸು ಮಾವ ಕೊಟ್ಟದ್ದು. ಕೊಟ್ಟಿಗೆಯಲ್ಲಿ ಇನ್ನೊಂದು ಹಸುವೂ ಇತ್ತು, ಆದರೆ ಅದು ಮುದಿ ಗೊಡ್ಡು. ಮೈಮೇಲೆ ನೊಣ ಕೂತರೂ ಬಾಲ ಅಲ್ಲಾಡಿಸುವ ತೊಂದರೆ ತೆಗೆದುಕೊಳ್ಳುತ್ತಿರಲಿಲ್ಲ. ಮಾವನ ಹಸು ಹೋದರೆ ಹಾಲಿನವನ ಬಳಿ ಉಳಿಯುವುದು ಕ್ಯಾನು, ಸೈಕಲ್ಲು ಮತ್ತು ಹಾಲಿನವನು ಎಂಬ ಹೆಸರು.

ಈ ಸಲ ಹಸುವಿಗೆ ದಿನ ತುಂಬುತ್ತಿದ್ದಂತೆ ಮಾವ ಒಂದು ಸೆನ್ಸರ್ ತಂದರು. ಬೆಂಕಿಪೊಟ್ಟಣದಷ್ಟಿದ್ದ ಅದನ್ನು ಪಟ್ಟಿಯಿಂದ ಹಸುವಿನ ಬಾಲಕ್ಕೆ ಕಟ್ಟಬೇಕು. ನೋವು ಬಂದ ಹಸು ಮತ್ತೆ ಮತ್ತೆ ಬಾಲ ಎತ್ತುತ್ತದೆ. ಅದನ್ನು ತಿಳಿದು ಯಂತ್ರ ಫೋನುಗಳಿಗೆ ಸುದ್ದಿ ಮುಟ್ಟಿಸುತ್ತದೆ. ಫೋನುಗಳು ಸೈರನ್ನಿನಂತೆ ಕೂಗುತ್ತವೆ. ಬಾಲದಿಂದ ಬಿಚ್ಚಿ ಇಟ್ಟರೂ ಸ್ವಲ್ಪ ಹೊತ್ತಿಗೆಲ್ಲ ಕೂಗುತ್ತವೆ.

ಮಾವ ಬಸ್ ಕಂಡಕ್ಟರಾಗಿ ನಿವೃತ್ತರಾದವರು. ಮನೆಯೊಳಗೆ ನಿಂತು ಮಾತಾಡುವಾಗಲೂ ಅವರ ಒಂದು ಕೈ ಮೇಲಿನ ಕಂಬಿಗಾಗಿ ತಡಕುತ್ತಿತ್ತು.

“ಅಳಿಯಂದಿರೇ, ಇದು ಕಡೇ ಬಸ್ಸು. ಹಸು ಈಯೋ ಹೊತ್ತಲ್ಲಿ ನೀವು ಮಲಗಿದ್ದು ನನ್ನ ಕಣ್ಣಿಗೆ ಬಿತ್ತೋ, ಹಸು ನನ್ನ ಕೊಟ್ಟಿಗೆಗೆ ವಾಪಸ್ಸು.”

“ಮಲಗಲ್ಲ ಮಾವ.”

“ನಿಂತ್ಕೊಂಡು ನಿದ್ದೆ ಮಾಡಿದ್ರೂ ಲೆಕ್ಕಕ್ಕೆ ಬರುತ್ತೆ.”

ಸುದ್ದಿ ಹಾಲಿನವನ ಫೋನಿಗೂ ಮಾವನ ಫೋನಿಗೂ ಹೋದರೆ ಸಾಕಿತ್ತು. ಆದರೆ ಪಕ್ಕದ ಮನೆಯ ಟೈಲರ್, “ಕಷ್ಟಕ್ಕೆ ಆಗೋರು ನೆರೆಯವರೇ ಅಲ್ವಾ ಅಣ್ಣ” ಎಂದು ತನ್ನ ನಂಬರನ್ನೂ ಹಾಕಿಸಿದ. ದನದ ಆಸ್ಪತ್ರೆಯ ಕಾಂಪೌಂಡರ್ ತನ್ನದನ್ನು ತಾನೇ ಹಾಕಿಕೊಂಡ.

ಮೊದಲ ಕೂಗು ಬಂದಾಗ ಹಾಲಿನವನು ಹಲ್ಲುಜ್ಜುತ್ತಿದ್ದ. ಟೈಲರ್ ಕೊರಳಲ್ಲಿ ಟೇಪು, ತುಟಿಯಲ್ಲಿ ಸೂಜಿ ಸಮೇತ ಓಡಿಬಂದ. ಕಾಂಪೌಂಡರ್ ದಾರಿಯಲ್ಲೇ ಗ್ಲೌಸು ಹಾಕಿಕೊಂಡು ಬಂದ. ಹಿಂದಿನ ಬೀದಿಯಿಂದ ಮಾವ ಹಗಲು ಬೆಳಕಿನಲ್ಲಿ ಟಾರ್ಚು ಬಿಟ್ಟುಕೊಂಡು ಬಂದರು. ಹಸು ಎಲ್ಲರನ್ನೂ ಒಮ್ಮೆ ನೋಡಿ, ಸಗಣಿ ಹಾಕಿ, ಬಾಲ ಇಳಿಸಿತು.

“ಇಷ್ಟೇನಾ?” ಎಂದ ಟೈಲರ್.

“ಯಂತ್ರ ಕೆಲಸ ಮಾಡ್ತಿದೆ ಅಂತಾಯ್ತಲ್ಲ,” ಎಂದರು ಮಾವ.

ಎರಡನೆಯ ಕೂಗು ನೊಣದ್ದು. ಮೂರನೆಯದು ಟೈಲರನದು: ಪಟ್ಟಿಯ ಫಿಟಿಂಗ್ ಸರಿಯಿಲ್ಲವೆಂದು ಅವನು ಹಸುವಿನ ಬಾಲವನ್ನು ಎತ್ತಿ ಇಳಿಸಿ ಎತ್ತಿ ನೋಡುತ್ತಿದ್ದಾಗ ಅವನ ಜೇಬೇ ಕೂಗಿಕೊಂಡಿತು. ಬೆಚ್ಚಿಬಿದ್ದು ಸೂಜಿ ನುಂಗಿದೆನೆಂದ. ಎಲ್ಲರೂ ಹಸುವನ್ನು ಬಿಟ್ಟು ಅವನ ಬಾಯಿಯೊಳಗೆ ಟಾರ್ಚು ಬಿಟ್ಟರು. ಸೂಜಿ ಅವನ ಅಂಗಿಯ ಕಾಲರಿನಲ್ಲಿತ್ತು.

ಬಿಸಿಲೇರುವ ಹೊತ್ತಿಗೆ ಹಸು ನಿಜವಾಗಿ ಚಡಪಡಿಸತೊಡಗಿತು. ಮಲಗಿತು, ಎದ್ದಿತು, ತನ್ನ ಹೊಟ್ಟೆಯ ಕಡೆ ತಿರುಗಿ ನೋಡಿತು. ಕಾಂಪೌಂಡರ್ ಹಿಂದೆ ಹೋಗಿ ಪರೀಕ್ಷೆ ಮಾಡಿದ.

“ಈಗ ನಿಜವಾದ್ದೇ. ಆದ್ರೆ ಸುತ್ತ ಜನ ನಿಂತಿದ್ರೆ ಹಸು ನೋವು ತಡ್ಕೊಂಡುಬಿಡುತ್ತೆ. ಹಾಗೆ ತಡೆದ್ರೆ ಕರುಗೆ ಒಳ್ಳೇದಲ್ಲ. ಎಲ್ರೂ ಆಚೆ ಹೋಗ್ಬೇಕು.”

ಎಲ್ಲರೂ ಒಪ್ಪಿದರು. ಯಾರೂ ಕದಲಲಿಲ್ಲ.

“ನಾನು ಮನೆಯವನು,” ಎಂದರು ಮಾವ.

“ನಾನು ನೋಡ್ತಾ ಇಲ್ಲಪ್ಪ, ಸುಮ್ನೆ ನಿಂತಿದೀನಿ,” ಎಂದ ಟೈಲರ್.

ಹಸು ಎದ್ದು, ಕಾಲು ಬಿಗಿಹಿಡಿದು, ಪರೀಕ್ಷೆಗೆ ಕೂತ ಹುಡುಗಿಯ ಹಾಗೆ ಶೂನ್ಯವನ್ನು ನೋಡತೊಡಗಿತು. ನೋವು ನಿಂತುಹೋಯಿತು. ಕೊನೆಗೆ ಹಾಲಿನವನ ಹೆಂಡತಿ ಬಾಗಿಲಲ್ಲಿ ನಿಂತು, “ಅಪ್ಪಾ, ಅನ್ನ ಆರ್ತಿದೆ. ಕಾಂಪೌಂಡರ್ ಅಣ್ಣ, ನೀವೂ ಬನ್ನಿ” ಎಂದಾಗ ಕೊಟ್ಟಿಗೆ ಖಾಲಿಯಾಯಿತು. ಟೈಲರ್ ತನ್ನ ಮನೆಗೆ ಹೋದ.

“ಕೂಗಿದ ತಕ್ಷಣ ಬರ್ತೀವಿ,” ಎಂದು ಬೆದರಿಸಿ ಹೋದರು ಮಾವ.

ಜನ ಮರೆಯಾದದ್ದೇ ತಡ, ಹಸುವಿನ ಬಾಲ ಮೇಲೇಳಲು ಶುರುವಾಯಿತು. ಹಾಲಿನವನು ಲೆಕ್ಕ ಹಾಕಿದ. ಇನ್ನು ಯಂತ್ರ ಕೂಗುತ್ತದೆ, ಜಾತ್ರೆ ವಾಪಸ್ಸು ಬರುತ್ತದೆ, ಹಸು ಮತ್ತೆ ಬಿಗಿಹಿಡಿಯುತ್ತದೆ, ಕರು ಒಳಗೇ ಸಾಯುತ್ತದೆ. ಹಾಗೆಂದು ಬಿಚ್ಚಿ ಇಟ್ಟರೂ ಕೂಗುತ್ತದೆ. ಅದಕ್ಕೆ ಬೇಕಾದ್ದು ಒಂದು ಬಾಲ, ಸುಮ್ಮನಿರುವ ಬಾಲ.

ಅವನ ಕಣ್ಣು ಮುದಿ ಹಸುವಿನ ಮೇಲೆ ಬಿತ್ತು.

ಸೆನ್ಸರನ್ನು ಬಿಚ್ಚಿ ಗಡಿಬಿಡಿಯಲ್ಲಿ ಅದರ ಬಾಲಕ್ಕೆ ಬಿಗಿದ. ಅದು ಒದೆಯದಿರಲೆಂದು, ಬಾಣಂತಿ ಹಸುವಿಗಾಗಿ ಹೆಂಡತಿ ಕಲಸಿಟ್ಟಿದ್ದ ಒಂದು ಬಕೆಟ್ ಬೂಸಾ ಹಿಂಡಿಯನ್ನು ಅದರ ಮುಂದೆ ಲಂಚವಾಗಿ ಸುರಿದ. ಅಂಥ ಊಟವನ್ನು ವರ್ಷಗಳಿಂದ ಮೂಸಿಯೂ ನೋಡಿರದ ಮುದುಕಿ ಕಿವಿಯವರೆಗೆ ಮುಖ ಹುದುಗಿಸಿತು. ಫೋನು ಸುಮ್ಮನಿತ್ತು.

ಈಗ ಎಚ್ಚರದ ವಿಷಯ. ಹಗ್ಗದಲ್ಲಿದ್ದ ಬಟ್ಟೆ ಕ್ಲಿಪ್ಪೊಂದನ್ನು ಕಿತ್ತು ತನ್ನ ಕಿವಿಗೆ ಸಿಕ್ಕಿಸಿಕೊಂಡ. ಕಣ್ಣಲ್ಲಿ ನೀರು ಬಂತು, ನಿದ್ದೆ ಬರಲಿಲ್ಲ.

ನೀರಿನ ಚೀಲ ಒಡೆಯಿತು. ಎರಡು ಗೊರಸು ಕಂಡವು, ಅವುಗಳ ಮೇಲೆ ಮೂಗು. ಹಸು ತಿಣುಕಿದಾಗ ಎಳೆದ, ಬಿಟ್ಟಾಗ ಬಿಟ್ಟ. ಕರು ಜಾರಿ ಅವನ ತೊಡೆಯ ಮೇಲೆ ಬಿತ್ತು. ಉಸಿರಿರಲಿಲ್ಲ. ಹಾಲಿನವನು ಪೊರೆ ಹರಿದ, ಬಾಯಿಗೆ ಬೆರಳು ಹಾಕಿ ಲೋಳೆ ತೆಗೆದ, ಮೂಗಿನ ಹೊಳ್ಳೆಗೆ ಹುಲ್ಲುಕಡ್ಡಿ ಆಡಿಸಿದ. “ಸೀನೇ ತಾಯಿ, ಸೀನು. ನಿನ್ನ ಕಾಲು ಹಿಡೀತೀನಿ,” ಎಂದ, ಕಾಲನ್ನು ಆಗಲೇ ಹಿಡಿದಿದ್ದ. ಕರು ಸೀನಿತು. ತಲೆ ಕೊಡವಿತು. ಹೆಣ್ಣು ಕರು.

ಹಸು ಕರುವನ್ನು ನೆಕ್ಕಿತು. ಅದೇ ಭರದಲ್ಲಿ ಹಾಲಿನವನ ಕೈಗಳನ್ನೂ ಮೊಣಕೈವರೆಗೆ ನೆಕ್ಕಿತು, ಲುಂಗಿಯನ್ನೂ ಬಿಡಲಿಲ್ಲ. ಜೀವನದಲ್ಲಿ ಮೊದಲ ಸಲ ಹಾಲಿನವನು ಬೇಕಾದಾಗ ಎಚ್ಚರವಿದ್ದ. ಮಾವನನ್ನು ಕರೆಯಬೇಕು, ಅದಕ್ಕೆ ಮುಂಚೆ ಒಂದು ಗಳಿಗೆ ಕೂರೋಣ ಎಂದುಕೊಂಡ. ಕೂತ. ಬೆನ್ನಿಗೆ ಕಂಬ ತಗುಲಿತು.

ಇತ್ತ ಬಕೆಟ್ಟಿಡೀ ಬೂಸಾ ಮುದಿ ಹೊಟ್ಟೆಯಲ್ಲಿ ತಿರುಗಿಬಿತ್ತು. ವರ್ಷಗಳಿಂದ ಅಲ್ಲಾಡದ ಬಾಲ ಎದ್ದಿತು, ಇಳಿಯಿತು, ಮತ್ತೆ ಎದ್ದಿತು. ನಾಲ್ಕು ಫೋನುಗಳೂ ಕೂಗಿದವು. ಹಾಲಿನವನದು ಅವನ ತೊಡೆಯ ಮೇಲೇ ಕೂಗಿತು. ಅವನು ಮಗ್ಗುಲು ಬದಲಿಸಿದ.

ಮಾವ ಬಂದರು. ಊಟವಾದ ಮೇಲೆ ಒರಗಿದ್ದ ಚಾಪೆಯ ಗೆರೆಗಳು ಅವರ ಕೆನ್ನೆಯ ಮೇಲಿದ್ದವು. ಹಿಂದೆಯೇ ಮಗಳು, ಕಾಂಪೌಂಡರ್, ಟೈಲರ್. ಕಂಡದ್ದು ಇಷ್ಟು: ಕರು ಹುಟ್ಟಿ, ಒಣಗಿ, ಏಳಲು ನೋಡುತ್ತಿದೆ. ಸೆನ್ಸರ್ ಗೊಡ್ಡು ಹಸುವಿನ ಬಾಲದಲ್ಲಿದೆ. ಅಳಿಯ ಕಿವಿಯಲ್ಲಿ ಬಟ್ಟೆ ಕ್ಲಿಪ್ಪು ಹಾಕಿಕೊಂಡು ಗೊರಕೆ ಹೊಡೆಯುತ್ತಿದ್ದಾನೆ.

“ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದ್ರಂತೆ,” ಎಂದ ಟೈಲರ್. “ಅಣ್ಣ ಅದಕ್ಕೆ ಮೆಷಿನ್ನೂ ಕಟ್ಟಿದಾನೆ.”

ಹಾಲಿನವನು ಎದ್ದು ಕಣ್ಣುಜ್ಜಿದ. “ನಾನೇ ಎಳ್ದಿದ್ದು ಮಾವ. ಪೊರೆ ತೆಗ್ದೆ, ಮೂಗಿಗೆ ಕಡ್ಡಿ ಆಡಿಸ್ದೆ...”

“ಕೈ ತೋರ್ಸಿ.” ಟಿಕೆಟ್ ಕೇಳುವ ದನಿಯೇ.

ತೋರಿಸಿದ. ಅಷ್ಟು ಶುಭ್ರವಾದ ಕೈ ಆ ಕೊಟ್ಟಿಗೆಯಲ್ಲಿ ಎಂದೂ ಕಂಡಿರಲಿಲ್ಲ.

“ಕನಸಲ್ಲಿ ಎಳ್ದಿರ್ತೀರಿ,” ಎಂದರು ಮಾವ. “ಹೋದ ಸಲ ನೀವು ಮಲಗಿದ್ರಿ, ಕರು ಸತ್ತಿತು. ಈ ಸಲ ಮಲಗಿದ್ರಿ, ಅದರ ಪುಣ್ಯ, ಬದುಕ್ತು. ಮೂರನೇ ಸಲ ನೋಡೋ ಧೈರ್ಯ ನಂಗಿಲ್ಲ.”

“ಅಪ್ಪಾ...” ಎಂದಳು ಮಗಳು.

“ನೀನು ಸುಮ್ನಿರಮ್ಮ. ಮದುವೆ ಫೋಟೊ ನೋಡಿದ ಮೇಲೆ ನಾನು ಹಸು ಕೊಡಬಾರದಿತ್ತು.”

ಸಂಜೆ, ಗರ್ಭದ ಮಾಸುಚೀಲ ಹೊರಬಿದ್ದ ಮೇಲೆ, ಮಾವ ಹಸುವಿನ ಹಗ್ಗ ಬಿಚ್ಚಿದರು. ಕರುವನ್ನು ಟೈಲರ್ ಎತ್ತಿಕೊಂಡ. ಸೆನ್ಸರನ್ನು ಬಿಚ್ಚಲು ಯಾರೂ ಮುಂದಾಗಲಿಲ್ಲ. ಮುದಿ ಹಸುವಿನ ಹಿಂದೆ ನಿಲ್ಲುವ ಸ್ಥಿತಿ ಇರಲಿಲ್ಲ. ಹೆಂಡತಿ ಗಂಡನ ಕಿವಿಯಿಂದ ಕ್ಲಿಪ್ಪು ತೆಗೆದು ಬಟ್ಟೆ ಹಗ್ಗಕ್ಕೆ ಹಾಕಿದಳು. ಫೋನು ಮತ್ತೆ ಕೂಗಿತು.

ಆ ಸಲ ಸತ್ತ ಕರುಗಳು, ಒಂದೂ ಇಲ್ಲ. ಹಾಲಿನವನು ಕಳೆದುಕೊಂಡದ್ದು ಒಂದು ಹಸು, ಒಂದು ಕರು, ಒಂದು ಬಕೆಟ್ ಬೂಸಾ.